ಮೂವತ್ತು ಗಜದ ಶಿಕಾರಿ

ನಮ್ಮ ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ ಮೂರು ವಸ್ತುಗಳು ಉಳಿದಿದ್ದವು. ಅಂಚನ್ನು ಗೆದ್ದಲು ತಿಂದ ಕೋವಿ ಪರವಾನಗಿಯ ಪುಸ್ತಕ, ಮದ್ದು ಅಳೆಯುವ ಹಿತ್ತಾಳೆಯ ಸಣ್ಣ ಅಳತೆ, ಹಿಡಿ ಸವೆದ ಒಂದು ಚೂರಿ. ಕೋವಿ ಮಾತ್ರ ಇರಲಿಲ್ಲ. ಅದು ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಬರುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಒಮ್ಮೆ ಹೋದದ್ದು ತಿರುಗಿ ಬರಲಿಲ್ಲ. ತರಲು ನಮ್ಮಲ್ಲಿ ಯಾರೂ ಹೋಗಲೂ ಇಲ್ಲ.

ಪುಸ್ತಕದಲ್ಲಿ ಕೋವಿಯ ಜಾತಿಯನ್ನು 'ಎಸ್‌ಬಿಎಂಎಲ್' ಎಂದು ಬರೆದಿದೆ. ಒಂಟಿ ನಳಿಗೆಯ, ಬಾಯಿಂದ ಮದ್ದು ತುಂಬುವ ಕೋವಿ ಎಂದು ಅದರರ್ಥ. ಉದ್ದೇಶದ ಜಾಗದಲ್ಲಿ 'ಬೆಳೆ ರಕ್ಷಣೆ' ಎಂದಿದೆ. ಅಜ್ಜನಿಗೆ ಕಳಸದ ಹತ್ತಿರ ಒಂದೂವರೆ ಎಕರೆ ಗದ್ದೆ, ಮನೆಯ ಹಿಂದೆ ಒಂದಿಷ್ಟು ಕಾಫಿ ಇತ್ತು. ಉಳಿದಂತೆ ಅವರು ಕಿತ್ತಳೆ, ಮೆಣಸು, ಸೀಗೆಕಾಯಿ ಕೊಂಡು ಮೂಡಿಗೆರೆಯ ಕಡೆಗೆ ಸಾಗಿಸುವ ವ್ಯಾಪಾರಿ. ಹಂದಿ ಗದ್ದೆಗೆ ನುಗ್ಗುತ್ತಿದ್ದುದು ನಿಜ. ಆದರೆ ನಮ್ಮ ಮನೆಯಲ್ಲಿ ಹಂದಿಯನ್ನು ಹೊಡೆದರೂ ತಿನ್ನುವವರಿಲ್ಲ. ಅಜ್ಜನ ಕೋವಿ ಹುಡುಕುತ್ತಿದ್ದುದು ಕಾಡುಕುರಿಯನ್ನು, ಕಡವೆಯನ್ನು. ಆ ಎರಡು ಪದಗಳ ಉದ್ದೇಶದಲ್ಲಿ ಅರ್ಧ ಸತ್ಯ, ಅರ್ಧ ಸುಳ್ಳು ಇತ್ತು. ಚಿಕ್ಕಮಗಳೂರು, ಮೂಡಿಗೆರೆ, ಕಳಸ, ಕೊಪ್ಪದ ಸಾವಿರಾರು ಪರವಾನಗಿ ಪುಸ್ತಕಗಳಲ್ಲೂ ಅಷ್ಟೇ ಇದ್ದಿರಬೇಕು.

ಈ ಮಲೆಗಳ ಬೇಟೆಯ ಬಗ್ಗೆ ಬರೆಯಬೇಕೆಂದು ನಾವು ಕುಳಿತದ್ದಕ್ಕೆ ಒಂದು ನೆಪವಿದೆ. ಅಮೆರಿಕದಲ್ಲಿರುವ ನಮ್ಮ ನೆಂಟರ ಹುಡುಗನೊಬ್ಬ ರಜೆಗೆ ಬಂದಿದ್ದಾಗ ಅಲ್ಲಿ ಜಿಂಕೆ ಹೊಡೆಯುವ ಕ್ರಮವನ್ನು ವಿವರಿಸಿದ. ಪಿಸ್ತೂಲಿಗೆ ಹಾಕುವ ತೋಟಾವನ್ನೇ ಹಾಕಿ ಹೊಡೆಯುವ ಗಿಡ್ಡ ಬಂದೂಕು ಅಲ್ಲಿದೆಯಂತೆ. ಅದಕ್ಕೆ ಕಾರ್ಬೈನ್ ಎನ್ನುತ್ತಾರೆ. ಹಗುರ, ಪೊದೆಯೊಳಗೆ ಸಿಕ್ಕಿಕೊಳ್ಳುವುದಿಲ್ಲ, ಐವತ್ತು ಅರವತ್ತು ಗಜದೊಳಗೆ ಕೆಲಸ ಮುಗಿಸುತ್ತದೆ. "ನಿಮ್ಮ ಕಾಫಿ ತೋಟಕ್ಕೆ ಹೇಳಿ ಮಾಡಿಸಿದ ಕೋವಿ" ಎಂದ. ಅವನು ಹೇಳಿದ್ದು ತಪ್ಪಲ್ಲ. ಹಾಗಾದರೆ ಆ ಕೋವಿ ನಮ್ಮ ಮಲೆಗೆ ಯಾಕೆ ಬರಲಿಲ್ಲ, ಬಾರದೆಯೂ ಇಲ್ಲಿನ ಜಿಂಕೆ ಕಡವೆಗಳು ಹೇಗೆ ಸತ್ತವು ಎಂಬುದು ಒಂದು ಚರಿತ್ರೆಯೇ.

ಮೊದಲು ದೂರದ ಮಾತು. ಬಯಲುಸೀಮೆಯಲ್ಲಿ ಕೃಷ್ಣಮೃಗವನ್ನು ಇನ್ನೂರು ಗಜದಾಚೆ ನೋಡಬಹುದು, ಹೊಡೆಯಲೂಬಹುದು. ಮಲೆನಾಡಿನಲ್ಲಿ ಕಣ್ಣೇ ಅಷ್ಟು ದೂರ ಹೋಗುವುದಿಲ್ಲ. ನೆರಳು ಮರದ ಕೆಳಗೆ ಆಳೆತ್ತರದ ಕಾಫಿ ಗಿಡ, ಅದರಾಚೆ ಲಂಟಾನ, ಅದರಾಚೆ ಏಲಕ್ಕಿ ಕಾನು. ಮೂವತ್ತು ಗಜಕ್ಕೆ ಹಸಿರು ಗೋಡೆ ಎದ್ದು ನಿಲ್ಲುತ್ತದೆ. ಪ್ರಾಣಿ ಕಂಡಾಗ ಅದರ ಕಣ್ಣರೆಪ್ಪೆಯೂ ಕಾಣುವಷ್ಟು ಹತ್ತಿರ, ಕಾಣದಿದ್ದರೆ ಕೂಗಳತೆಯಲ್ಲಿದ್ದರೂ ಇಲ್ಲವೆಂದೇ ಲೆಕ್ಕ. ಕುದುರೆಮುಖದ ಕಡೆಯ ಹುಲ್ಲುಬೆಟ್ಟಗಳಲ್ಲಿ ಮಾತ್ರ ದೂರದ ಗುಂಡಿಗೆ ಅವಕಾಶ. ಅಲ್ಲಿ ರೈಫಲ್ ಹಿಡಿದವರು ದೊರೆಗಳು, ದೊಡ್ಡ ಸಾಹುಕಾರರು. ಉಳಿದವರದೆಲ್ಲ ಮೂವತ್ತು ಗಜದ ಶಿಕಾರಿ.

ಉರ್ದು ಓದಿದವರಿಗೆ ಈ ಬೇಟೆಯ ಮಾತುಗಳು ಸ್ವಾರಸ್ಯವಾಗಿ ಕಾಣುತ್ತವೆ. ಶಿಕಾರ್ ಪಾರಸಿ ಪದ. ಬಂದೂಕು ಅರಬಿಯ 'ಬುಂದುಕ್'ನಿಂದ ಬಂದದ್ದು. ಮೂಲದಲ್ಲಿ ಅದೊಂದು ಕಾಯಿಯ ಹೆಸರು, ಆಮೇಲೆ ಬಿಲ್ಲಿನಿಂದ ಎಸೆಯುವ ಮಣ್ಣಿನ ಗುಂಡಿಗೆ ಆ ಹೆಸರು ಬಂತು, ಕೊನೆಗೆ ಕೋವಿಗೆ. ಉರ್ದುವಿನ ಕಾರ್ತೂಸ್ ಪೋರ್ಚುಗೀಸರ ಕೊಡುಗೆ. ಆದರೆ ಮಲೆನಾಡಿನ ಬೇಟೆಗಾರ ನಿಜವಾದ ಕೆಲಸಕ್ಕೆ ಇಳಿದಾಗ ಇವು ಯಾವುವೂ ಬೇಡ. ಕೋವಿ, ಈಡು, ಚರೆ, ಹಳು, ಬಿಲ್ಲು, ಮರಸು ಸಾಕು. ಕೋವಿ ಬಂದು ಎಷ್ಟೋ ಕಾಲವಾದರೂ ಕೋವಿಯವನು ಕಾದು ನಿಲ್ಲುವ ಜಾಗವನ್ನು ಇಲ್ಲಿ 'ಬಿಲ್ಲು' ಎಂದೇ ಕರೆದರು. ಹಿಂದೆ ಆ ಜಾಗದಲ್ಲಿ ನಿಂತವನ ಕೈಯಲ್ಲಿ ಏನಿತ್ತು ಎಂಬುದು ಆ ಮಾತಿನೊಳಗೇ ಉಳಿದುಕೊಂಡಿದೆ. ತೋಟ ಮತ್ತು ತೋಟಾಗಳ ನಡುವೆ ಒಂದು ದೀರ್ಘದ ವ್ಯತ್ಯಾಸವಷ್ಟೇ ಎಂದು ನಮ್ಮ ಕನ್ನಡ ಮೇಷ್ಟರು ನಗಿಸುತ್ತಿದ್ದರು. ಚರಿತ್ರೆಯಲ್ಲಿಯೂ ಅವೆರಡು ಒಟ್ಟೊಟ್ಟಿಗೇ ಬಂದವು.

ಕಾಫಿಯ ಬೀಜ ಬಾಬಾ ಬುಡನ್ ಅವರ ಜೊತೆ ಯಮನ್‌ನಿಂದ ಬಂತು ಎಂಬ ಕತೆ ಎಲ್ಲರಿಗೂ ಗೊತ್ತು. ಆದರೆ ಬೆಟ್ಟ ಕಡಿದು ಎಸ್ಟೇಟು ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ಬಿಳಿ ದೊರೆಗಳು. ಅವರ ಜೊತೆ ಬಂದದ್ದು ಕ್ರೀಡೆಯೆಂಬ ಬೇಟೆ. ಪಕ್ಕದ ಮಂಜರಾಬಾದಿನಲ್ಲಿ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲಿ ಒಂದು ಪುಸ್ತಕ ಬರೆದ, 1894ರಲ್ಲಿ ಇನ್ನೊಂದು. ಎರಡನೆಯದರ ಹೆಸರಿನಲ್ಲೇ ಚಿನ್ನ, ಬೇಟೆ, ಕಾಫಿ ಮೂರನ್ನೂ ಸಾಲಾಗಿ ಜೋಡಿಸಿದ. ಆ ಕಾಲದ ದೊರೆಗಳ ಮನಸ್ಸು ಎಷ್ಟು ಸರಳವಾಗಿತ್ತೆಂದು ಆ ಹೆಸರೇ ಹೇಳುತ್ತದೆ. ಬ್ರಿಟಿಷ್ ಇಂಡಿಯಾದ 1878ರ ಆಯುಧ ಕಾಯ್ದೆಯಲ್ಲಿ ಯುರೋಪಿಯನರಿಗೆ ಪರವಾನಗಿಯಿಂದ ವಿನಾಯಿತಿ ಇತ್ತು, ನಾಡಿನವರಿಗೆ ಇರಲಿಲ್ಲ. ಕೊಡಗಿನವರದ್ದು ಬೇರೆ ಮಾತು. ಅವರಿಗೆ ಅಂದು ಸಿಕ್ಕ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಗಡಿ ದಾಟಿ ನಮ್ಮ ಕಡೆ ಬಂದರೆ ಅದೇ ಮಳೆ, ಅದೇ ಕಾಫಿ, ಅದೇ ಹಂದಿ. ಕೋವಿಗೆ ಮಾತ್ರ ಕಾಗದ ಬೇಕು.

ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆಂದು ಒಂದು ರೆಗ್ಯುಲೇಶನ್ ತಂದಿತು. ರಕ್ಷಣೆ ಯಾರಿಗಾಗಿ ಎಂದು ಕೇಳಿದರೆ, ಪ್ರಾಣಿಗಳಿಗಿಂತ ಹೆಚ್ಚಾಗಿ ಬೇಟೆಯಾಡುವ ಘನವಂತರಿಗಾಗಿ ಎನ್ನಬೇಕಾಗುತ್ತದೆ. ಕಾಡಂಚಿನ ಹಸಲರು, ಗೌಡಲು, ಮಲೆಕುಡಿಯರು ಉರುಳು ಹಾಕಿ ಒಂದು ಬರ್ಕವನ್ನೋ ಕಾಡುಕುರಿಯನ್ನೋ ಹಿಡಿದರೆ ಕಳ್ಳಬೇಟೆ. ಬಂಗಲೆಯ ಅತಿಥಿ ಪರವಾನಗಿ ತೆಗೆದುಕೊಂಡು ಕೊಂಬಿನ ಕಡವೆ ಹೊಡೆದರೆ ಕ್ರೀಡೆ.

ಸಣ್ಣವರ ಕೈಗೆ ಬಂದದ್ದು ಕೇಪಿನ ಕೋವಿ. ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದರಲ್ಲಿ ಇದ್ದಿಲು ಹೆಚ್ಚು, ಗಂಧಕ ಕಡಿಮೆ. ಇಷ್ಟು ಸೇರಿದರೆ ಮದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಇಟ್ಟು ಗಜದಿಂದ ಜಡಿದು, ಮೇಲೆ ಗುಂಡು, ಮತ್ತೆ ನಾರು. ಹಿಂಬದಿಯ ಮೊಲೆಗೆ ತಾಮ್ರದ ಕೇಪು. ಆಷಾಢದ ಮಳೆಯಲ್ಲಿ ಕೇಪು ಟಪ್ಪೆಂದು ಸದ್ದು ಮಾಡಿ ಈಡು ಹಾರದೆ ನಿಲ್ಲುತ್ತಿತ್ತು. ಅದಕ್ಕೇ ಅಜ್ಜ ನಳಿಗೆಯ ಬಾಯಿಗೆ ಜೇನುಮೇಣ ಮೆತ್ತುತ್ತಿದ್ದರು. ಒಮ್ಮೆ ಹಾರಿದರೆ ಮತ್ತೆ ತುಂಬಲು ಒಂದು ಬೀಡಿ ಸೇದುವಷ್ಟು ಹೊತ್ತು ಬೇಕು. ಆದ್ದರಿಂದ ಎರಡನೆಯ ಈಡು ಎಂಬುದಿಲ್ಲ. ಪ್ರಾಣಿಯನ್ನು ಹತ್ತಿರಕ್ಕೆ ಬಿಡಬೇಕು, ಉಸಿರು ಹಿಡಿಯಬೇಕು, ಹಕ್ಕೆಯ ಹಿಂದೆ ಗುರಿಯಿಡಬೇಕು. ಆ ಬಡ ಕೋವಿ ಕಲಿಸಿದ ತಾಳ್ಮೆಯನ್ನು ಆಮೇಲೆ ಬಂದ ಜೋಡುನಳಿಗೆಯ ತೋಟಾಕೋವಿ ಕಲಿಸಲಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ಬಡವನ ಸಮಾಧಾನದ ಮಾತೂ ಅದಾಗಿರಬಹುದು.

ತೋಟಾಕೋವಿಯಲ್ಲಿ ಹನ್ನೆರಡು ಬೋರಿನದು ಸಾಮಾನ್ಯ. ನಳಿಗೆಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗುವುದರಿಂದ ಆ ಹೆಸರು. ಅಂದರೆ ಒಂದೊಂದು ಗುಂಡು ಹೆಚ್ಚುಕಡಿಮೆ 38 ಗ್ರಾಂ. ಪಿಸ್ತೂಲಿನ ಒಂಬತ್ತು ಮಿಲಿಮೀಟರಿನ ಗುಂಡು ಏಳೆಂಟು ಗ್ರಾಂ ಮಾತ್ರ. ಕಾರ್ಬೈನಿನ ಗುಟ್ಟು ಇರುವುದು ಇಲ್ಲಿ. ಪಿಸ್ತೂಲಿನ ಗಿಡ್ಡ ನಳಿಗೆಯಲ್ಲಿ ಮದ್ದು ಪೂರ್ತಿ ಕೆಲಸ ಮಾಡುವ ಮೊದಲೇ ಗುಂಡು ಹೊರಬಿದ್ದಿರುತ್ತದೆ. ಅದೇ ತೋಟಾವನ್ನು ಹದಿನಾರು ಇಪ್ಪತ್ತು ಅಂಗುಲದ ನಳಿಗೆಯಲ್ಲಿ ಹಾರಿಸಿದರೆ ವೇಗ ಹೆಚ್ಚುತ್ತದೆ, ಭುಜಕ್ಕೆ ಒತ್ತಿ ಹಿಡಿಯುವುದರಿಂದ ಗುರಿಯೂ ನೆಟ್ಟಗಾಗುತ್ತದೆ. ಅಮೆರಿಕದ ವಿಂಚೆಸ್ಟರ್ ಕಂಪನಿ 1873ರಲ್ಲಿ ತಂದ ಕೋವಿಯ .44 ತೋಟಾವನ್ನೇ 1878ರ ಹೊತ್ತಿಗೆ ಕೋಲ್ಟ್ ಕಂಪನಿಯ ರಿವಾಲ್ವರಿಗೂ ಅಳವಡಿಸಿದರು. ಸವಾರನ ಸೊಂಟಕ್ಕೂ ಹೆಗಲಿಗೂ ಒಂದೇ ತೋಟಾ. ಅದರಲ್ಲಿ ಅವರು ಜಿಂಕೆ ಹೊಡೆದರು, ಮನುಷ್ಯರನ್ನೂ ಹೊಡೆದರು. ಇಂಡಿಯಾನಾದಂಥ ಸಮತಟ್ಟಾದ, ಜನವಸತಿಯ ಸೀಮೆಗಳಲ್ಲಿ ರೈಫಲ್ ಗುಂಡು ಮೈಲಿಗಟ್ಟಲೆ ಹಾರೀತೆಂಬ ಭಯಕ್ಕೆ ಜಿಂಕೆ ಬೇಟೆಗೆ ದೊಡ್ಡ ರೈಫಲನ್ನು ಬಹುಕಾಲ ತಡೆದು, ಪಿಸ್ತೂಲಿನ ತೋಟಾದ ಕಾರ್ಬೈನಿಗೆ ಎಡೆ ಮಾಡಿಕೊಟ್ಟರು.

ನಮ್ಮಲ್ಲಿ ಆ ದಾರಿಯನ್ನು ಕಾನೂನೇ ಮುಚ್ಚಿತು. 1959ರ ಆಯುಧ ಕಾಯ್ದೆಯ ಹದಿಮೂರನೆಯ ಕಲಮಿನಲ್ಲಿ, ರಕ್ಷಣೆಗೋ ಕ್ರೀಡೆಗೋ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೂ, ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಗೂ ಪರವಾನಗಿ ಕೊಡಬೇಕೆಂದಿದೆ. ಅಜ್ಜನ ಪುಸ್ತಕ ಹುಟ್ಟಿದ್ದು ಆ ಎರಡನೆಯ ಸಾಲಿನಿಂದ. ಗಿಡ್ಡ ನಳಿಗೆಯನ್ನು ಸರ್ಕಾರ ನಂಬಲಿಲ್ಲ. ಮುಚ್ಚಿಟ್ಟುಕೊಳ್ಳಬಹುದಾದ ಕೋವಿ ಹಂದಿಗಲ್ಲ, ಮನುಷ್ಯನಿಗೆ ಎಂದು ಅದು ಭಾವಿಸಿತು. ಒಂಬತ್ತು ಮಿಲಿಮೀಟರು ಫೌಜಿನ ಬೋರು, ಸಾಮಾನ್ಯ ಜನರಿಗೆ ನಿಷಿದ್ಧ. ಹೀಗೆ ಮೂವತ್ತು ಗಜದ ಮಲೆಗೆ ಹೇಳಿ ಮಾಡಿಸಿದ ಕಾರ್ಬೈನ್ ಬಾರದೆ, ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ತೋಟಾ ಬಂತು. ಅದರಲ್ಲಿ ಎಲ್‌ಜಿ ಎಂದರೆ ಆರು ದಪ್ಪ ಚರೆ, ಎಸ್‌ಜಿ ಎಂದರೆ ಒಂಬತ್ತು.

ಈ ಚರೆಗಳೇ ನಮ್ಮ ಕತೆಯ ಕೆಟ್ಟ ಭಾಗ. ಒಂಟಿ ಗುಂಡು ತಾಗಿದರೆ ತಾಗಿತು, ತಪ್ಪಿದರೆ ತಪ್ಪಿತು. ಆರು ಚರೆ ಹಾರಿದಾಗ ಮೂವತ್ತು ಗಜದಲ್ಲಿ ಎರಡು ತಾಗುತ್ತವೆ, ನಾಲ್ಕು ಎಲ್ಲಿಗೋ ಹೋಗುತ್ತವೆ. ದೊಡ್ಡ ಗಂಡು ಕಡವೆ ಇನ್ನೂರು ಕಿಲೋ ಮೀರಿ ತೂಗುತ್ತದೆ. ಹೊಟ್ಟೆಗೆ ಎರಡು ಚರೆ ಹೊತ್ತು ಅದು ಓಡಿ ಯಾವುದೋ ಹಳ್ಳದಲ್ಲಿ ಮೂರನೆಯ ದಿನ ಬೀಳುತ್ತದೆ. ರಣಹದ್ದು ತೋರಿಸಿದ ಮೇಲೆ ಗೊತ್ತಾಗುತ್ತಿತ್ತು ಎಂದು ಹಳಬರು ಹೇಳುತ್ತಿದ್ದರು. ಬೇಟೆಯ ವೈಭವ ಬರೆದವರು ಬಿದ್ದ ಪ್ರಾಣಿಗಳ ಲೆಕ್ಕ ಕೊಟ್ಟಿದ್ದಾರೆ, ಹೀಗೆ ಓಡಿದವುಗಳ ಲೆಕ್ಕ ಎಲ್ಲಿಯೂ ಇಲ್ಲ.

ಉಳಿದ ಚರೆಗಳು ಹೋದ ಕಡೆ ಮನುಷ್ಯರಿದ್ದರು. ಹಳು ನುಗ್ಗುವ ಬೇಟೆಯ ಕ್ರಮ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕೋವಿಯವರು ಗುಡ್ಡದ ತಗ್ಗಿನ ಕಂಡಿಗಳಲ್ಲಿ ಬಿಲ್ಲಿಗೆ ನಿಲ್ಲುತ್ತಾರೆ. ಹಳುವಿನವರು ನಾಯಿಗಳ ಜೊತೆ ಮೇಲಿನಿಂದ ಕೂಗುತ್ತ, ತಗಡು ಬಡಿಯುತ್ತ ಪ್ರಾಣಿಯನ್ನು ಸೋವಿಕೊಂಡು ಬರುತ್ತಾರೆ. ಕೋವಿಯಿದ್ದವನು ಜಮೀನಿದ್ದವನು. ಹಳುವಿನಲ್ಲಿ ಆಳುಗಳು, ಗಾಡಿಯವರು, ಘಟ್ಟದ ಕೆಳಗಿನಿಂದ ಬಂದ ಕೂಲಿಗಳು, ನಮ್ಮವರು. ಕುವೆಂಪು ಹುಟ್ಟಿದ್ದು ಇದೇ ಜಿಲ್ಲೆಯ ಹಿರೇಕೊಡಿಗೆಯಲ್ಲಿ. 1936ರಲ್ಲಿ ಬಂದ 'ಕಾನೂರು ಹೆಗ್ಗಡಿತಿ'ಯಲ್ಲಿ ಬೇಟೆಯ ಜೊತೆಗೆ ಆ ಊಳಿಗದ ಲೋಕವೂ ಇದೆ ಎಂಬುದು ನಮಗೆ ದೊಡ್ಡ ಸಮಾಧಾನ. ದೊರೆಗಳ ಪುಸ್ತಕಗಳಲ್ಲಿ ಹಳುವಿನವರಿಗೆ ಹೆಸರೇ ಸಿಗುವುದು ಕಷ್ಟ.

ನಮ್ಮ ಅಜ್ಜಿಯ ತಮ್ಮ ನಾಟಾ ಗಾಡಿ ಹೊಡೆಯುತ್ತಿದ್ದರು. ಅರವತ್ತರ ದಶಕದಲ್ಲಿ, ಒಂದು ತೋಟದ ಬೇಟೆಯಲ್ಲಿ ಹಳುವಿಗೆ ಹೋಗಿದ್ದರು. ತೋಟದ ಹೆಸರು ಇಲ್ಲಿ ಬೇಡ, ಆ ಮನೆಯ ಮೊಮ್ಮಕ್ಕಳ ಮದುವೆಗೆ ನಾವೂ ಹೋಗಿ ಉಂಡು ಬಂದಿದ್ದೇವೆ. ಹೊತ್ತು ಇಳಿದಿತ್ತು. ಕಾಫಿಯ ನಡುವೆ ಕಂದು ಬಣ್ಣದ ಏನೋ ಕದಲಿತು, ಪಟ್ಟಣದಿಂದ ಬಂದಿದ್ದ ಅತಿಥಿ ಈಡು ಹಾರಿಸಿದ. ಕಾಡುಕುರಿ ಕೆಮ್ಮುತ್ತ ಹಾರಿಹೋಯಿತು. ನಮ್ಮ ಅಜ್ಜಿಯ ತಮ್ಮನ ಸೊಂಟಕ್ಕೆ ಒಂದು ಚರೆ ತಾಗಿತು. ಕಂಬಳಿ ಕಟ್ಟಿ ಹೊತ್ತು ತಂದರು. ಆಸ್ಪತ್ರೆಯಲ್ಲಿ ಮರದಿಂದ ಬಿದ್ದದ್ದೆಂದು ಹೇಳಲಾಯಿತು, ಹಾಗೆಯೇ ಬರೆದುಕೊಳ್ಳಲಾಯಿತು. ಆ ಮನೆಯಿಂದ ಒಂದು ಕರೆಯುವ ಹಸು, ಒಂದು ಪಲ್ಲ ಅಕ್ಕಿ ಬಂತು. ಬೇಟೆಯ ಪಾಲು ಹಂಚುವಾಗ ಕೋವಿಯವನಿಗೆ ತೊಡೆ, ನಾಯಿಗೂ ಒಂದು ಪಾಲು, ಹಳುವಿನವರಿಗೆ ಸಮಪಾಲು ಎಂಬ ಕಟ್ಟಳೆ ಇತ್ತು. ಆ ದಿನ ಬೇಟೆಯಾಗಿರಲಿಲ್ಲ. ಹಸುವೇ ಪಾಲು ಎಂದು ಅವರು ಆಮೇಲೆ ನಗುತ್ತ ಹೇಳುತ್ತಿದ್ದರು. ಜೀವಮಾನವಿಡೀ ಎಡಗಾಲು ಎಳೆದು ನಡೆದರು.

ಆ ಬೇಟೆಗಳಿಗೆ ನಮ್ಮವರನ್ನು ಕರೆಯುತ್ತಿದ್ದುದಕ್ಕೆ ಇನ್ನೊಂದು ಕಾರಣ ಇತ್ತು, ಅದಕ್ಕೆ ಆ ಪೆಟ್ಟಿಗೆಯ ಚೂರಿ ಸಾಕ್ಷಿ. ಈಡು ತಾಗಿದ ಪ್ರಾಣಿ ಉಸಿರು ಬಿಡುವ ಮೊದಲು ಓಡಿಹೋಗಿ ಬಿಸ್ಮಿಲ್ಲಾ ಹೇಳಿ ಜಬಹ್ ಮಾಡಬೇಕು. ಇಲ್ಲದಿದ್ದರೆ ಮಾಂಸ ಹಲಾಲಲ್ಲ. ತರಬೇತಾದ ನಾಯಿ ಹಿಡಿದದ್ದನ್ನು, ಬಾಣ ಚುಚ್ಚಿ ಕೊಂದದ್ದನ್ನು ಅಲ್ಲಾಹನ ಹೆಸರು ಹೇಳಿ ಬಿಟ್ಟಿದ್ದರೆ ತಿನ್ನಬಹುದು. ಆದರೆ ಮಣ್ಣಿನ ಗುಂಡು ಜಜ್ಜಿ ಕೊಲ್ಲುತ್ತದೆ, ಸೀಳುವುದಿಲ್ಲ, ಆದ್ದರಿಂದ ಅದು ಸಲ್ಲದು ಎಂದು ಹಳೆಯ ಫಿಕ್ಹ್ ಗ್ರಂಥಗಳು ಹೇಳಿದವು. ಬುಂದುಕ್ ಎಂಬ ಹೆಸರು ಕೋವಿಗೆ ಬಂದಾಗ ಆ ತೀರ್ಪೂ ಹಿಂದೆಯೇ ಬಂತು. ಯಮನ್‌ನ ವಿದ್ವಾಂಸ ಶೌಕಾನಿ (ನಿಧನ 1834) ಸೀಸದ ಗುಂಡು ಚುಚ್ಚಿಕೊಂಡು ಒಳಹೋಗುತ್ತದಲ್ಲ, ಸಲ್ಲುತ್ತದೆ ಎಂದು ವಾದಿಸಿದರು. ಅಲ್ಲಿಂದ ಕಾಫಿ ಬಂತು, ಆ ಅಭಿಪ್ರಾಯ ನಮ್ಮ ಊರಿನ ಮಸೀದಿಯವರೆಗೆ ಬರಲಿಲ್ಲ. ನಮ್ಮ ಮೌಲ್ವಿಗಳು ಚೂರಿಯನ್ನೇ ಹಿಡಿದು ಕುಳಿತರು.

ಇದರಿಂದ ಆದದ್ದೇನು? ದೂರದ ಈಡು ಅಜ್ಜನಿಗೆ ಪ್ರಯೋಜನವಿಲ್ಲ. ಇಪ್ಪತ್ತು ಮೂವತ್ತು ಗಜದಾಚೆ ಹೊಡೆದರೆ ಮುಳ್ಳು, ಕಲ್ಲು, ಹಳ್ಳ ದಾಟಿ ಮುಟ್ಟುವಷ್ಟರಲ್ಲಿ ಜೀವ ಹೋಗಿರುತ್ತದೆ. ಹತ್ತಿರ, ಇನ್ನೂ ಹತ್ತಿರ ಬರಲೆಂದು ಅವರು ಕಾಯುತ್ತಿದ್ದರು. ದೊರೆಗಳಿಗೆ ಈ ಜಬಹ್ ತಲೆನೋವಾಗಿತ್ತಂತೆ. ಗೋಡೆಗೆ ತೂಗುವ ತಲೆಯ ಕುತ್ತಿಗೆ ಕೆಡುತ್ತದೆಂದು. ಇತ್ತ ಕೊಂಬಿನ ಆಸೆ, ಅತ್ತ ಮಾಂಸದ ಆಸೆ. ಜಿಂಕೆಗೆ ಎರಡೂ ಒಂದೇ. ಆದರೂ ಒಂದು ಮಾತು ಹೇಳಬೇಕು: ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಮನೆಗೆ ಹೋಗುವ ಅನುಕೂಲ ಚೂರಿ ಹಿಡಿದವನಿಗೆ ಇರಲಿಲ್ಲ. ಜೀವ ಹೋಗುವಾಗ ಅದರ ಕಣ್ಣು ಹೇಗಿರುತ್ತದೆಂದು ಅಜ್ಜನಿಗೆ ಗೊತ್ತಿತ್ತು. ಅದರ ಬಗ್ಗೆ ಅವರು ಎಂದೂ ಮಾತಾಡಲಿಲ್ಲ. ಪ್ರಾಯ ಅರವತ್ತು ದಾಟಿದ ಮೇಲೆ ಒಂದು ಗಬ್ಬದ ಕಾಡುಕುರಿ ಬಿದ್ದಿತು ಎಂದೂ, ಅನಂತರ ಅವರು ಕೋವಿಗೆ ಎಣ್ಣೆ ಹಾಕುವುದನ್ನು ಬಿಟ್ಟರು ಎಂದೂ ನಮ್ಮ ತಾಯಿ ಹೇಳುತ್ತಾರೆ.

ಎರಡನೆಯ ಮಹಾಯುದ್ಧದ ಬಳಿಕ ಎಸ್ಟೇಟುಗಳಿಗೆ ಜೀಪು ಬಂತು. ಈ ಮಲೆಯ ಮೃಗಗಳ ಮಟ್ಟಿಗೆ ಅದು ಕೋವಿಗಿಂತ ದೊಡ್ಡ ಆಯುಧ. ರಾತ್ರಿ ಬೆಳಕು ಬಿಟ್ಟರೆ ಜಿಂಕೆ ಕಣ್ಣು ಹೊಳೆಸಿಕೊಂಡು ಕಂಬದಂತೆ ನಿಲ್ಲುತ್ತದೆ. ತಾಳ್ಮೆ ಬೇಡ, ಹಳು ಬೇಡ, ಗುರಿಯೂ ಬೇಡ. ಹಳೆಯ ಬೇಟೆಗಾರರೇ ಇದನ್ನು ಕಸಾಯಿತನ ಎಂದರು. ನಮ್ಮಲ್ಲಿ ಕಸಾಯಿಗಳ ಮನೆಗಳೂ ಇರುವುದರಿಂದ ಆ ಬೈಗುಳ ನಮಗೆ ಒಪ್ಪಿಗೆಯಿಲ್ಲ; ಕಸಾಯಿ ತಾನು ಸಾಕಿದ, ಕೊಂಡ ಪ್ರಾಣಿಯನ್ನು ಹಗಲು ಬೆಳಕಿನಲ್ಲಿ ಕೊಯ್ಯುತ್ತಾನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಒಂದೇ ಏಟಿಗೆ ನಿಲ್ಲಿಸಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮೊದಲನೆಯ ಪಟ್ಟಿಯ ಪ್ರಾಣಿಗಳನ್ನು ಪೂರ್ತಿ ಕಾಪಾಡಿತು. ನಮ್ಮ ಪುಟ್ಟ ಬರ್ಕ ಹುಲಿಯ ಜೊತೆ ಆ ಪಟ್ಟಿಯಲ್ಲಿತ್ತು. ಜಿಂಕೆ, ಕಡವೆ ಮೂರನೆಯ ಪಟ್ಟಿಯಲ್ಲಿದ್ದವು, ಅವಕ್ಕೆ ಪರವಾನಗಿಯ ಬೇಟೆ ಇತ್ತು. ಹೇಗೆ ಹೊಡೆಯಬಾರದು ಎಂದೂ ಕಾಯ್ದೆ ಹೇಳಿತ್ತು: ವಾಹನದಿಂದ ಹೊಡೆಯಬಾರದು, ರಾತ್ರಿ ಹೊಡೆಯಬಾರದು, ದೀಪ ಬಿಟ್ಟು ಹೊಡೆಯಬಾರದು, ನೀರಿನ ಗುಂಡಿ, ಉಪ್ಪಿನ ನೆಲದ ಬಳಿ ಹೊಡೆಯಬಾರದು, ದೊಡ್ಡ ಪ್ರಾಣಿಗೆ ರೈಫಲ್ಲೇ ಬೇಕು, ವಿಶೇಷ ಅನುಮತಿಯಿದ್ದರೆ ಒಂಟಿ ಗುಂಡಿನ ತೋಟಾ. ಅಂದರೆ ಎಲ್‌ಜಿ ಚರೆಯ ಕ್ರೌರ್ಯ ದಿಲ್ಲಿಗೂ ಗೊತ್ತಿತ್ತು. ಪರವಾನಗಿಯ ಬೇಟೆಯ ಕಲಮುಗಳು ಕಾಯ್ದೆಯಿಂದ ಹೊರಬಿದ್ದದ್ದು 1991ರ ತಿದ್ದುಪಡಿಯಲ್ಲಿ. ಆ ಹೊತ್ತಿಗೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಯೌವನದ ಕೋವಿ ಇಳಿಸಿ ಕ್ಯಾಮರಾ, ಗಾಳಗಳನ್ನು ಹಿಡಿದು ಎಷ್ಟೋ ವರ್ಷಗಳಾಗಿದ್ದವು. ಕಾನೂನಿಗಿಂತ ಅವರ ಪುಸ್ತಕಗಳು ಈ ಮಲೆಯ ಹೆಚ್ಚು ಹುಡುಗರ ಕೈಯಿಂದ ಕೋವಿ ಬಿಡಿಸಿದವು ಎಂದು ನಮ್ಮ ನಂಬಿಕೆ.

ಕಾನೂನಿನ ಭಾರ ಮಾತ್ರ ಸಮನಾಗಿ ಬೀಳಲಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಾಗ ಮಲೆಕುಡಿಯರ ಮನೆಗಳು ಅದರೊಳಗೆ ಸಿಕ್ಕಿಕೊಂಡವು. ಜೀಪಿನಲ್ಲಿ ಬೇಟೆಯಾಡಿದವರ ಗೋಡೆಗಳಲ್ಲಿ ಕೊಂಬುಗಳು ಹಾಗೆಯೇ ಇದ್ದವು, ಉರುಳು ಹಾಕಿದವನ ಮೇಲೆ ಕೇಸು ಬಿತ್ತು. ಮುಂದೆ ಈ ಕಾಡುಗಳಿಗೆ ನಕ್ಸಲರು ಬಂದರು. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದ ಬಳಿ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಿದ್ದರು. ಆ ವರ್ಷಗಳಲ್ಲಿ ಕೋವಿಯಿದ್ದ ಪ್ರತಿ ಮನೆಯೂ ಅನುಮಾನದ ಮನೆ. ಕಳಸದ ಬಸ್ ನಿಲ್ದಾಣದಲ್ಲಿ, ಪೊಲೀಸನೊಬ್ಬನ ಹೆಗಲಿನಿಂದ ಇಳಿಬಿದ್ದ ಗಿಡ್ಡ ಕಪ್ಪು ಬಂದೂಕನ್ನು ನಾವು ನೋಡಿದ್ದು ಆಗಲೇ. ಒಂಬತ್ತು ಮಿಲಿಮೀಟರಿನ ಕಾರ್ಬೈನ್. ನೆಂಟರ ಹುಡುಗ ಹೇಳಿದ ಕೋವಿ ನಮ್ಮ ಮಲೆಗೆ ಬಂದಿತ್ತು, ಹತ್ತಿರದಿಂದ ಹೊಡೆಯುವುದಕ್ಕೇ ಬಂದಿತ್ತು.

ನಮ್ಮ ಅಜ್ಜಿಯ ತಮ್ಮ ಅದನ್ನು ನೋಡಲು ಇರಲಿಲ್ಲ. ಅವರು ತೀರಿಕೊಂಡದ್ದು ಅದಕ್ಕೆ ಎಷ್ಟೋ ವರ್ಷ ಮೊದಲು. ಮಯ್ಯತ್‌ಗೆ ಸ್ನಾನ ಮಾಡಿಸುವಾಗ ನಾವು ನೀರು ಎತ್ತಿಕೊಡುತ್ತಿದ್ದೆವು. ಸೊಂಟದ ಚರ್ಮದ ಕೆಳಗೆ ಹುಣಸೆ ಬೀಜದಷ್ಟು ಗಟ್ಟಿ ಕೈಗೆ ಸಿಕ್ಕಿತು. ಹೊರಗಿನಿಂದ ಬಂದಿದ್ದ ಮುಅಜ್ಜಿನ್ ಇದೇನೆಂದು ಕೇಳಿದರು. ಅಜ್ಜ ಬಾಗಿಲ ಬಳಿ ನಿಂತಿದ್ದರು. "ಮರದಿಂದ ಬಿದ್ದಿದ್ದ" ಎಂದರು. ಅಂಗಳದಲ್ಲಿ ಆ ತೋಟದ ಮನೆಯವರು ಕುರ್ಚಿಯಲ್ಲಿ ಕೂತಿದ್ದರು, ಕೇಳುವಷ್ಟು ಹತ್ತಿರದಲ್ಲಿ.